ಮೂರನೆಯ ಪ್ರಶ್ನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿ ವರ್ಷವೂ ಮೇ ತಿಂಗಳು ಬಂದಿತೆಂದರೆ, ನಮ್ಮ ಎರಡನೆಯ ಪಿ.ಯು.ಸಿ.ಯ ವಯಸ್ಸಿನ ಲಕ್ಷಾಂತರ ಮಕ್ಕಳು ಆಂಗ್ಲ ಸಾಹಿತ್ಯದ ಒಂದು ವಿಶೇಷ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಹೆಸರಿನ, ಎ.ಪಿ. ಎಂದೇ ಎಲ್ಲರ ಬಾಯಲ್ಲಿ ಓಡಾಡುವ ಈ ವ್ಯವಸ್ಥೆಯನ್ನು ನಡೆಯಿಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಅದರ ಮೊದಲ ಪರೀಕ್ಷೆಗಳು ನಡೆದದ್ದು 1956ರಲ್ಲಿ. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಮಟ್ಟದ ವ್ಯಾಸಂಗವನ್ನು ಮಾಡಿದ ವಿದ್ಯಾರ್ಥಿಗೆ ಐದರಲ್ಲಿ ಮೂರೋ ನಾಲ್ಕೋ ಐದೋ ಬಂದರೆ, ಅನೇಕ ವಿಶ್ವವಿದ್ಯಾನಿಲಯಗಳು ಅದನ್ನು ತಮ್ಮ ಮೊದಲ ವರ್ಷದ ಪಾಠಕ್ಕೆ ಸಮನೆಂದು ಎಣಿಸಿ, ಅಷ್ಟರ ಮಟ್ಟಿಗೆ ಅವನ ಹೊರೆಯನ್ನೂ ಅವನ ತಂದೆಯ ವೆಚ್ಚವನ್ನೂ ಇಳಿಸುವುದುಂಟು. ಪರೀಕ್ಷೆಯ ಅವಧಿ ಮೂರು ಗಂಟೆ. ಮೊದಲ ಒಂದು ಗಂಟೆಯಲ್ಲಿ 55 ಆಯ್ಕೆಯ ಪ್ರಶ್ನೆಗಳು. ಉಳಿದ ಎರಡು ಗಂಟೆಗಳಲ್ಲಿ ಮೂರು ಪ್ರಬಂಧಗಳು. ಮೊದಲನೆಯದು ಎದುರಿಗೆ ಕೊಟ್ಟ ಒಂದು ಕವಿತೆಯ ಮೇಲೆ, ಎರಡನೆಯದು ಎದುರಿಗೆ ಕೊಟ್ಟ ಒಂದು ಗದ್ಯಖಂಡದ ಮೇಲೆ. ಮೂರನೆಯದಕ್ಕೆ ಮಾತ್ರ ಎದುರಿಗೆ ಯಾವ ಪಾಠವೂ ಇರುವುದಿಲ್ಲ. ಅಲ್ಲಿ ಪರೀಕ್ಷಕನು ಮಾನವ ಜೀವನಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಮುಂದಿಟ್ಟು, ಕಾದಂಬರಿ ನಾಟಕಗಳ ಒಂದು ಪಟ್ಟಿಯನ್ನು ಸೂಚಿಸಿ, ಇವುಗಳಲ್ಲೊಂದನ್ನಾಗಲಿ, ಪಟ್ಟಿಯಲ್ಲಿಲ್ಲದಿದ್ದರೂ ಯೋಗ್ಯವಾದ ಇನ್ನೊಂದನ್ನಾಗಲಿ ಆರಿಸಿಕೊಂಡು, ಆ ವಿಷಯವು ಕೃತಿಯ ಸಮಗ್ರ ಅರ್ಥಕ್ಕೆ ಹೇಗೆ ಸಲ್ಲುತ್ತದೆಯೆಂಬುದನ್ನು ವಾದಿಸಿ ಬರೆಯೆಂದು ಕೇಳುತ್ತಾನೆ. ಪುಸ್ತಕವು ಕೈಯಲ್ಲಿರುವುದಿಲ್ಲ, ತಲೆಯಲ್ಲಿರಬೇಕು.

ಈ ಮೂರನೆಯ ಪ್ರಶ್ನೆಯೊಂದೇ ಆ ತರಗತಿಯಲ್ಲಿ ದೊಡ್ಡ ಕಾದಂಬರಿಗಳನ್ನೂ ನಾಟಕಗಳನ್ನೂ ಓದುವುದಕ್ಕೆ ಪರೀಕ್ಷೆಯ ಕಡೆಯಿಂದ ಉಳಿದಿರುವ ಕಾರಣವೆಂದು ನನ್ನ ಭಾವನೆ. ಮಿಕ್ಕುದಕ್ಕೆಲ್ಲ, ಇಪ್ಪತ್ತು ಮೂವತ್ತು ಪಂಕ್ತಿಗಳ ತುಣುಕನ್ನು ಹಿಡಿದು ಅದರ ಉಪಮೆ ರೂಪಕಗಳನ್ನೂ ಧ್ವನಿಯ ಏರಿಳಿತವನ್ನೂ ನಿರೂಪಕನ ನಿಲುವನ್ನೂ ಬೇಗ ಗುರುತಿಸಬಲ್ಲ ಚಾತುರ್ಯವಿದ್ದರೆ ಸಾಕು. ಆ ಚಾತುರ್ಯವನ್ನು ಒಂದೇ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದದೆ, ಅಭ್ಯಾಸಪತ್ರಿಕೆಗಳಿಂದಲೇ ಸಂಪಾದಿಸಿಕೊಳ್ಳಬಹುದು. ಒಟ್ಟು ಅಂಕಗಳಲ್ಲಿ ನೂರಕ್ಕೆ 45 ಆಯ್ಕೆಯ ಪ್ರಶ್ನೆಗಳಿಗೆ, 55 ಮೂರು ಪ್ರಬಂಧಗಳಿಗೆ. ಎಂದರೆ ಇಡಿಯ ಕೃತಿಯೊಂದನ್ನು ಓದಿರಬೇಕೆಂದು ಬಯಸುವ ಪ್ರಶ್ನೆಗೆ ದೊರೆಯುವುದು ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಶಾಲೆಯ ಉಪಾಧ್ಯಾಯನೂ ಲೋಕದ ಮನುಷ್ಯನೇ ಆದುದರಿಂದ, ಅಂಕವು ಎತ್ತ ಹರಿಯುತ್ತದೆಯೋ ಅತ್ತ ಅವನ ಬೋಧನೆಯೂ ಹರಿದರೆ ಆಶ್ಚರ್ಯಪಡತಕ್ಕದ್ದಿಲ್ಲ. ಆದರೆ ಈ ತರಗತಿಗೆ ಏನಾದರೂ ಗೌರವವಿರುವುದಾದರೆ, ಅದು ಕೆಲವೇ ಕೃತಿಗಳನ್ನು ಮೊದಲಿನಿಂದ ಕೊನೆಯವರೆಗೆ, ಹತ್ತಾರು ಸಮವಯಸ್ಕರ ಮತ್ತು ಒಬ್ಬ ತಿಳಿದವರ ಸಂಗಡ, ಓದಿ ಮುಗಿಸುವುದರಿಂದ ಬರತಕ್ಕದ್ದೇ ಹೊರತು ತುಣುಕುಗಳ ಮೇಲಣ ಪಾಂಡಿತ್ಯದಿಂದ ಬರತಕ್ಕದ್ದಲ್ಲವೆಂಬುದು ಈ ಲೇಖನದ ಪಕ್ಷ.

ತುಣುಕನ್ನು ಓದಿಸುವ ಪದ್ಧತಿ ಅಕಾರಣವಾಗಿ ಹುಟ್ಟಿದುದಲ್ಲ. ಹಾರ್ವರ್ಡ್ ವಿದ್ಯಾಪೀಠವು 1874ರಲ್ಲಿ, ತನ್ನಲ್ಲಿಗೆ ಪ್ರವೇಶ ಬಯಸುವವರು ಗೊತ್ತಾದ ಕೆಲವು ಗ್ರಂಥಗಳ ಮೇಲೆ ಒಂದು ಸಣ್ಣ ಪ್ರಬಂಧವನ್ನು ಬರೆಯಬೇಕೆಂದು ವಿಧಿಸಿತು. ಷೇಕ್ಸ್‌ಪಿಯರನ ಕೆಲವು ನಾಟಕಗಳೂ ಗೋಲ್ಡ್‌ಸ್ಮಿತ್ತನ ಮತ್ತು ಸ್ಕಾಟನ ಕಥೆಗಳೂ ಆ ಪಟ್ಟಿಯಲ್ಲಿದ್ದವು. ಒಂದು ವಿದ್ಯಾಪೀಠ ಪಟ್ಟಿ ಮಾಡಿದೊಡನೆಯೇ ಉಳಿದವೂ ಮಾಡಿದುವು. ಪಟ್ಟಿಯಲ್ಲಿದ್ದುದು ದೇಶದ ಶಾಲೆಗಳಲ್ಲೆಲ್ಲ ಪಾಠವಾಯಿತು. ಪಾಠವಾದುದು ಕ್ರಮೇಣ ಕಂಠಪಾಠವಾಯಿತು. ಕಥೆಯ ಸಾರಾಂಶ, ಪಾತ್ರಗಳ ಗುಣಾವಗುಣ, ಗ್ರಂಥಕರ್ತನ ಜನನಮರಣಗಳ ವರ್ಷ, ಇವಿಷ್ಟನ್ನು ಬರೆದವನು ಉತ್ತೀರ್ಣನು. ಮೈಸೂರು ಸೀಮೆಯ ಕಾಲೇಜುಗಳಲ್ಲಿ ಓದಿದ ಹಳಬರಿಗೆ ಇದು ಹೊಸ ಸುದ್ದಿಯೇನೂ ಅಲ್ಲ: ಪಂಕ್ತಿಪಂಕ್ತಿಗೂ ಅರ್ಥ ಹೇಳಿಸಿಕೊಂಡ ಡೀಟೇಲ್ಡ್ ಪುಸ್ತಕವೊಂದು, ಮನೆಯಲ್ಲಿ ತಾವೇ ಓದಿಕೊಳ್ಳಬೇಕಾದ, ಆದುದರಿಂದಲೇ ಬಹುಮಂದಿ ಗೈಡಿನಲ್ಲಿ ಮಾತ್ರ ಓದಿದ, ನಾನ್-ಡೀಟೇಲ್ಡ್ ಪುಸ್ತಕವೊಂದು, ನಮ್ಮಲ್ಲಿಯೂ ಇದ್ದುವು.

ಈ ಜಡತ್ವಕ್ಕೆ ಮದ್ದಾಗಿ ಬಂದುದು ಸಮೀಪದ ಓದು. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಮಹಾಶಯನು ಕವಿಯ ಹೆಸರನ್ನು ಮರೆಮಾಡಿ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅವರು ಬರೆದ ಅಭಿಪ್ರಾಯಗಳ ಗೊಂದಲವನ್ನು 1929ರಲ್ಲಿ ಪುಸ್ತಕರೂಪವಾಗಿ ಲೋಕದ ಮುಂದಿಟ್ಟನು. ಅಮೆರಿಕದಲ್ಲಿ ಬ್ರೂಕ್ಸ್ ಮತ್ತು ವಾರೆನ್ ಎಂಬಿಬ್ಬರು 1938ರಲ್ಲಿ ಹೊರತಂದ ಪಠ್ಯಪುಸ್ತಕವು, ಕವಿಯ ಚರಿತ್ರೆಯನ್ನು ಬಿಟ್ಟು ಕವಿತೆಯನ್ನೇ ನೋಡಬೇಕೆಂಬ ಪಾಠವನ್ನು ಒಂದು ತಲೆಮಾರಿನ ಉಪಾಧ್ಯಾಯರಿಗೆ ಕಲಿಸಿತು. ಎ.ಪಿ. ಪರೀಕ್ಷೆಯು ಈ ಸಂಪ್ರದಾಯದ ಸಂತಾನ. ಈ ಪದ್ಧತಿಯಿಂದಾದ ಉಪಕಾರವನ್ನು ನಿರಾಕರಿಸುವುದು ಅನ್ಯಾಯವಾದೀತು: ಬಾಯಿಪಾಠದ ಅಭಿಪ್ರಾಯಕ್ಕೆ ಬದಲು ಕಣ್ಣೆದುರಿನ ಆಧಾರವನ್ನು ಕೇಳುವುದು, ಪದವೊಂದು ಇಲ್ಲಿ ಏಕೆ ಬಂತೆಂದು ನಿಂತು ಯೋಚಿಸುವುದು, ಇವು ಯಾವ ಶಾಸ್ತ್ರದ ಅಧ್ಯಯನಕ್ಕಾದರೂ ಭೂಷಣವಾದ ಅಭ್ಯಾಸಗಳು. ಆದರೆ ಚಿಕ್ಕ ಭಾವಗೀತೆಯನ್ನು ಓದುವುದಕ್ಕಾಗಿ ರೂಪುಗೊಂಡ ಕ್ರಮವನ್ನು ಮಹಾಕಾದಂಬರಿಯ ಮೇಲೆ ಪ್ರಯೋಗಿಸಿದಾಗ, ಕಾದಂಬರಿಯ ಮುಖ್ಯ ಸಾಧನವಾದ ಉದ್ದವೇ ಕೈಬಿಟ್ಟುಹೋಗುತ್ತದೆ.

ಉದ್ದವು ಸಾಧನವೆಂದರೇನು? ಈ ತರಗತಿಗಳಲ್ಲಿ ಇಂದಿಗೂ ಓದಿಸಲ್ಪಡುವ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನೇ ನೋಡೋಣ. ಕಮ್ಮಾರನ ಮನೆಯಲ್ಲಿ ಬೆಳೆದ ಅನಾಥನಾದ ಪಿಪ್ ಎಂಬ ಹುಡುಗನಿಗೆ, ಹೆಸರು ಹೇಳಲೊಲ್ಲದ ಯಾರೋ ಒಬ್ಬರಿಂದ ಸಂಪತ್ತು ಬರುತ್ತದೆ. ಅವನು ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗುತ್ತಾನೆ. ಆ ಉಪಕಾರಿಯು ಸಿರಿವಂತಳೂ ವಿಕ್ಷಿಪ್ತಳೂ ಆದ ಮಿಸ್ ಹ್ಯಾವಿಷಮ್ ಎಂದೂ, ಅವಳು ತನ್ನ ಸಾಕುಮಗಳಾದ ಎಸ್ಟೆಲ್ಲಾಳನ್ನು ತನಗೆ ಕೊಡುವ ಉದ್ದೇಶದಿಂದಲೇ ಇದನ್ನೆಲ್ಲ ಮಾಡುತ್ತಿರುವಳೆಂದೂ ಅವನು ನಂಬಿರುತ್ತಾನೆ. ನಿಜವಾದ ಉಪಕಾರಿ, ಬಾಲ್ಯದಲ್ಲಿ ಸ್ಮಶಾನದ ಬಳಿ ಅವನನ್ನು ಹೆದರಿಸಿ ಅನ್ನವನ್ನೂ ಅರವನ್ನೂ ತರಿಸಿಕೊಂಡಿದ್ದ ಒಬ್ಬ ಕೈದಿ. ಈ ಸಂಗತಿ ನಮಗೆ ತಿಳಿಯುವುದು ಐವತ್ತೊಂಬತ್ತು ಅಧ್ಯಾಯಗಳ ಪುಸ್ತಕದ ಮೂವತ್ತೊಂಬತ್ತನೆಯ ಅಧ್ಯಾಯದಲ್ಲಿ. ನಾನು ಅದನ್ನು ಇಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದೆನು; ಹೇಳಿದ್ದರಲ್ಲಿ ಸುಳ್ಳು ಯಾವುದೂ ಇಲ್ಲ; ಆದರೂ ಓದುಗನಿಗೆ ಇದರಿಂದ ಏನೂ ಆಗಲಿಲ್ಲ. ಪುಸ್ತಕವನ್ನು ಓದಿದವನಿಗಾದರೋ, ವಾರಗಟ್ಟಲೆ ಪಿಪ್ಪನ ಭ್ರಾಂತಿಯನ್ನು ತಾನೂ ಹಂಚಿಕೊಂಡು, ಅವನ ಆಸೆಗಳನ್ನು ತಾನೂ ಆಸೆಪಟ್ಟು, ಆ ಬಿರುಗಾಳಿಯ ರಾತ್ರಿ ಮೆಟ್ಟಿಲೇರಿ ಬಂದ ಒರಟು ಮುದುಕನನ್ನು ಕಂಡು ಅವನೊಂದಿಗೆ ತಾನೂ ಅಸಹ್ಯಪಟ್ಟು, ಅನಂತರ ಆ ಅಸಹ್ಯಕ್ಕಾಗಿ ನಾಚುವ ಪ್ರಸಂಗ ಬರುತ್ತದೆ. ಆ ನಾಚಿಕೆಯು ಓದುಗನದೇ. ಅದನ್ನು ಉಪಾಧ್ಯಾಯನು ಹಲಗೆಯ ಮೇಲೆ ಬರೆದು ಕೊಡಲಾರನು. ಮೂವತ್ತೆಂಟು ಅಧ್ಯಾಯಗಳ ಕಾಲ ಮೋಸಹೋಗದವನಿಗೆ ಮೂವತ್ತೊಂಬತ್ತನೆಯದರಲ್ಲಿ ಕಣ್ಣು ತೆರೆಯುವುದಕ್ಕೆ ಅವಕಾಶವಿಲ್ಲ.

ಅದೇ ಕಾದಂಬರಿಯ ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ಪಿಪ್ಪನನ್ನು ಸಾಕಿದ ಕಮ್ಮಾರ ಜೋ, ಹಬ್ಬದ ಉಡುಪು ತೊಟ್ಟು ಲಂಡನ್ನಿಗೆ ಅವನನ್ನು ನೋಡಲು ಬರುತ್ತಾನೆ. ಹಣ ಕೊಟ್ಟು ಅವನ ಬರವನ್ನು ತಪ್ಪಿಸಬಹುದಾಗಿದ್ದರೆ ಕೊಟ್ಟುಬಿಡುತ್ತಿದ್ದೆನೆಂದು ಪಿಪ್ಪನೇ ಒಪ್ಪಿಕೊಳ್ಳುತ್ತಾನೆ. ಜೋ ತನ್ನ ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಇಟ್ಟಲ್ಲೆಲ್ಲ ಬೀಳಿಸುತ್ತಾನೆ, ತಾನು ಎತ್ತಿ ಆಡಿಸಿದ ಹುಡುಗನನ್ನು ‘ಸರ್’ ಎಂದು ಕರೆಯುತ್ತಾನೆ, ಕೊನೆಗೆ ಈ ಉಡುಪಿನಲ್ಲಿ ತಾನು ತಾನಲ್ಲವೆಂದು ಘನತೆಯಿಂದ ಹೇಳಿ ಹೊರಟುಹೋಗುತ್ತಾನೆ. ಇದೇ ಎ.ಪಿ. ತರಗತಿಗಳಲ್ಲಿ ಈಗ ಕನ್ನಡ ಮನೆತನದ ಮಕ್ಕಳೂ ಕುಳಿತಿದ್ದಾರೆ. ಶಾಲೆಯ ಸಮಾರಂಭಕ್ಕೆ ಬಂದ ತಾಯಿಯ ಇಂಗ್ಲಿಷ್ ಉಚ್ಚಾರಣೆಯನ್ನು ಕೇಳಿ, ಊರಿನಿಂದ ಬಂದ ಅಜ್ಜ ಪಂಚೆಯುಟ್ಟು ಬೀದಿಯಲ್ಲಿ ನಡೆದುದನ್ನು ನೋಡಿ, ಗೆಳೆಯರ ಮುಂದೆ ಮುಖ ತಗ್ಗಿಸಿದ ಹುಡುಗನಿಗೆ ಈ ಅಧ್ಯಾಯವು ವಿಕ್ಟೋರಿಯಾ ರಾಣಿಯ ಕಾಲದ ದೂರದ ಕಥೆಯಾಗಿ ತೋರದು. ಅವನನ್ನು ಹಿಡಿದು ನಿಲ್ಲಿಸಿ, ಇಲ್ಲಿ ಟೋಪಿಯು ಯಾವುದರ ಸಂಕೇತವೆಂದು ಐದು ಪಂಕ್ತಿಗಳಲ್ಲಿ ವಿವರಿಸೆಂದು ಕೇಳುವುದು ಎಂಥ ಅರಸಿಕತೆ!

ನಾಟಕಕ್ಕೂ ಇದೇ ನ್ಯಾಯ. ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ, ಭ್ರಾತೃಹತ್ಯೆ ಮಾಡಿದ ದೊರೆಯು ಮಂಡಿಯೂರಿ ದೇವರ ಕ್ಷಮೆಯನ್ನು ಬೇಡುತ್ತಿರುವಾಗ ಹ್ಯಾಮ್ಲೆಟನು ಕತ್ತಿ ಹಿರಿದು ಬರುತ್ತಾನೆ. ಪ್ರಾರ್ಥನೆಯಲ್ಲಿರುವವನನ್ನು ಕೊಂದರೆ ಅವನು ಸ್ವರ್ಗಕ್ಕೇ ಹೋದಾನೆಂದು ತರ್ಕಿಸಿ ಹಿಂತಿರುಗುತ್ತಾನೆ. ಅವನು ಹೋದ ಮೇಲೆ ದೊರೆಯು ಮೇಲೆದ್ದು, ತನ್ನ ಮಾತು ಮೇಲಕ್ಕೆ ಹೋದರೂ ಮನಸ್ಸು ಕೆಳಗೇ ಉಳಿಯಿತೆಂಬುದನ್ನು, ಎಂದರೆ ಪ್ರಾರ್ಥನೆಯು ನಿಷ್ಫಲವಾಯಿತೆಂಬುದನ್ನು, ತಾನೇ ನುಡಿಯುತ್ತಾನೆ. ಈ ದೃಶ್ಯವನ್ನಷ್ಟೇ ಕತ್ತರಿಸಿ ಕೊಟ್ಟರೆ ಚತುರನಾದ ವಿದ್ಯಾರ್ಥಿ ವಿಪರ್ಯಾಸವೆಂಬ ಅಲಂಕಾರವನ್ನು ಗುರುತಿಸಿ ಅಂಕ ಪಡೆಯುತ್ತಾನೆ. ಆದರೆ ಮರುದೃಶ್ಯದಲ್ಲಿಯೇ, ತೆರೆಯ ಹಿಂದೆ ಯಾರಿರುವರೆಂಬುದನ್ನೂ ನೋಡದೆ ಅದೇ ಕತ್ತಿಯಿಂದ ತಿವಿದು ಮುದುಕ ಪೊಲೋನಿಯಸನನ್ನು ಹ್ಯಾಮ್ಲೆಟನು ಕೊಲ್ಲುತ್ತಾನೆ. ಅದರಿಂದ ಆ ಮುದುಕನ ಮಗಳು ಒಫೀಲಿಯಳ ಉನ್ಮಾದ, ಅದರಿಂದ ಅವನ ಮಗ ಲೆಯರ್ಟಿಸನ ಸೇಡು, ಅದರಿಂದ ಸರ್ವನಾಶ. ಯೋಚಿಸಿದಾಗ ಹೊಡೆಯದವನು ಯೋಚಿಸದೆ ಹೊಡೆದನೆಂಬುದು ಎರಡು ದೃಶ್ಯಗಳ ನಡುವೆ ಇರುವ ಸತ್ಯ. ಯಾವ ಒಂದು ತುಣುಕಿನಲ್ಲಿಯೂ ಅದು ಸಿಕ್ಕುವುದಿಲ್ಲ. ನಾಟಕವನ್ನು ಗಟ್ಟಿಯಾಗಿ ಓದಿಸಬೇಕೆಂಬುದೂ ನನ್ನ ಹಠ. ಕುಮಾರವ್ಯಾಸನನ್ನು ಗಮಕಿಯು ವಾಚಿಸಿ, ವ್ಯಾಖ್ಯಾನಕಾರನು ಬಿಡಿಸಿ, ಊರವರು ಸುತ್ತ ಕುಳಿತು ಕೇಳಿದ ನಾಡಿನವರಿಗೆ, ದೊಡ್ಡ ಕೃತಿಯನ್ನು ನಾಲ್ಕಾರು ಜನ ಕೂಡಿ ಬಾಯಿಬಿಟ್ಟು ಓದುವುದರಿಂದ ಬರುವ ಅರ್ಥವು ಒಬ್ಬನೇ ಮೌನವಾಗಿ ಓದುವುದರಿಂದ ಬರುವುದಿಲ್ಲವೆಂಬುದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಸಾರಾಂಶಗಳ ವಿಷಯ ಒಂದೆರಡು ಮಾತು ಸಾಕು. ನೆಬ್ರಾಸ್ಕಾ ಸೀಮೆಯ ಕ್ಲಿಫ್ಟನ್ ಹಿಲಗಾಸ್ ಎಂಬಾತನು 1958ರಲ್ಲಿ ಷೇಕ್ಸ್‌ಪಿಯರನ ಹದಿನಾರು ನಾಟಕಗಳಿಗೆ ಟಿಪ್ಪಣಿಪುಸ್ತಕಗಳನ್ನು ಅಚ್ಚುಹಾಕಿಸಿ ಆರಂಭಿಸಿದ ವ್ಯಾಪಾರವು, ಅಂತರ್ಜಾಲದ ಟಿಪ್ಪಣಿಗಳನ್ನು ದಾಟಿ, ಕೇಳಿದ ಕ್ಷಣದಲ್ಲಿ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳವರೆಗೆ ಬಂದು ಮುಟ್ಟಿದೆ. ಇವನ್ನು ಶಪಿಸಿ ಪ್ರಯೋಜನವಿಲ್ಲ. ತುಣುಕುಗಳ ವಿಶ್ಲೇಷಣೆಯೇ ಸಾಹಿತ್ಯಾಭ್ಯಾಸವೆಂದು ನಾವು ಒಪ್ಪಿಕೊಂಡ ಬಳಿಕ, ಆ ಕೆಲಸವನ್ನು ಹುಡುಗನಿಗಿಂತ ಚೊಕ್ಕವಾಗಿ ಯಂತ್ರವು ಮಾಡಿದರೆ ಹುಡುಗನನ್ನು ಏಕೆ ಬೈಯಬೇಕು?

ಇನ್ನು ಹೆಚ್ಚು ಗಂಭೀರವಾದ ಆಕ್ಷೇಪಣೆಗೆ ಬರುತ್ತೇನೆ. ಈ ಪ್ರಾಚೀನ ಕೃತಿಗಳು ಒಂದು ವರ್ಣದ, ಬಹುಮಟ್ಟಿಗೆ ಪುರುಷರ, ಲೋಕದೃಷ್ಟಿಯನ್ನೇ ಹೊತ್ತು ಬಂದುವು. ಇಂದಿನ ನಾನಾ ಜನಾಂಗಗಳ ಮಕ್ಕಳಿಗೆ ಇವನ್ನು ಆದರ್ಶವೆಂದು ಕಲಿಸುವುದು ಅನುಚಿತವೆಂದು ಹೇಳುವವರಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಥೆಯು ಆಫ್ರಿಕದವರನ್ನು ಮನುಷ್ಯರೆಂದು ಕಾಣಲಿಲ್ಲವೆಂದು ನೈಜೀರಿಯದ ಚಿನುವಾ ಅಚಿಬೆ 1975ರಲ್ಲಿ ಮ್ಯಾಸಚೂಸೆಟ್ಸ್‌ನ ಉಪನ್ಯಾಸವೊಂದರಲ್ಲಿ ಬಹಿರಂಗವಾಗಿ ದೂಷಿಸಿದರು. ಆದರೆ ಅಚಿಬೆಯವರು ಹಾಗೆ ದೂಷಿಸಬಲ್ಲವರಾದುದು ಕಾನ್ರಾಡನನ್ನು ಆಮೂಲಾಗ್ರವಾಗಿ ಓದಿದ್ದರಿಂದ. ಅದಕ್ಕೆ ಎಷ್ಟೋ ಮೊದಲೇ, 1958ರಲ್ಲಿ, ಅವರು ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬ ತಮ್ಮ ಕಾದಂಬರಿಯನ್ನು ಬರೆದು ಆಫ್ರಿಕದ ಹಳ್ಳಿಯೊಂದರ ಒಳಬಾಳನ್ನು ತೋರಿಸಿದ್ದರು. ಈಗ ಎರಡೂ ಪುಸ್ತಕಗಳು ಆ ಮೂರನೆಯ ಪ್ರಶ್ನೆಯ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಷ್ಟೇಕೆ, ಆ ಪಟ್ಟಿಗಳಲ್ಲಿ ಅತ್ಯಧಿಕವಾಗಿ ಹೆಸರಿಸಲ್ಪಟ್ಟಿರುವ ಕೃತಿಗಳ ಸಾಲಿನಲ್ಲಿ ಕಪ್ಪು ಜನಾಂಗದ ರಾಲ್ಫ್ ಎಲಿಸನ್ನನ, 1952ರಲ್ಲಿ ಹೊರಬಂದ, ‘ಇನ್‌ವಿಸಿಬಲ್ ಮ್ಯಾನ್’ ಮುಂದಿದೆ. ಆರೋಪಿಯನ್ನು ಹೊರದೂಡಿದರೆ ಆರೋಪವೂ ಅರ್ಥವಾಗುವುದಿಲ್ಲ. ಎರಡನ್ನೂ ಒಂದಾದ ಮೇಲೊಂದರಂತೆ ಓದಿಸಿ, ತೀರ್ಪನ್ನು ವಿದ್ಯಾರ್ಥಿಗೆ ಬಿಡುವುದು ಯುಕ್ತ.

ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಈ ಜಗಳದ ಚಿರಂತನ ಕಣ. 1885ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ವರ್ಷವೇ ಕಾಂಕರ್ಡ್ ಪಟ್ಟಣದ ಗ್ರಂಥಾಲಯವು ಅದನ್ನು ಒರಟು ಪುಸ್ತಕವೆಂದು ಹೊರಹಾಕಿತು. ಇಪ್ಪತ್ತನೆಯ ಶತಮಾನದಲ್ಲಿ, ಕಪ್ಪು ಜನರನ್ನು ಹೀಯಾಳಿಸುವ ಶಬ್ದವೊಂದು ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆಂಬ ಕಾರಣದಿಂದ ಹಲವು ಶಾಲೆಗಳು ಹೊರಹಾಕಿದುವು. 2011ರಲ್ಲಿ ಆ ಶಬ್ದಕ್ಕೆ ಬದಲಾಗಿ ಗುಲಾಮ ಎಂಬರ್ಥದ ಪದವನ್ನು ಹಾಕಿದ ಆವೃತ್ತಿಯೊಂದು ಬಂದಿತು. ಕಪ್ಪು ಹುಡುಗನೊಬ್ಬನು ಆ ಶಬ್ದವನ್ನು ತರಗತಿಯಲ್ಲಿ ಕೇಳುತ್ತ ಕುಳಿತಿರುವಾಗ ಅವನಿಗಾಗುವ ನೋವನ್ನು ಲಘುವಾಗಿ ಎಣಿಸುವ ಹಕ್ಕು ನನಗಿಲ್ಲ. ಆ ಶಬ್ದವನ್ನು ಬಾಯಲ್ಲಿ ಉಚ್ಚರಿಸದೆಯೂ ಪುಟವನ್ನು ಓದಿಸಬಹುದು. ಆದರೆ ಮೂವತ್ತೊಂದನೆಯ ಅಧ್ಯಾಯದಲ್ಲಿ, ಓಡಿಬಂದ ಗುಲಾಮನಾದ ಜಿಮ್‌ನನ್ನು ಒಡತಿಗೆ ಹಿಡಿದುಕೊಡದಿರುವುದು ಮಹಾಪಾಪವೆಂದೇ ಮನಸಾರೆ ನಂಬಿರುವ ಕಥಾನಾಯಕ ಹಕ್, ನರಕಕ್ಕೆ ಹೋಗುವುದಾದರೂ ಸರಿಯೆಂದು ನಿಶ್ಚಯಿಸಿ ಒಡತಿಗೆ ತಾನು ಬರೆದ ಕಾಗದವನ್ನು ಹರಿದುಹಾಕುವ ಪ್ರಸಂಗವಿದೆಯಲ್ಲ, ಅದರ ಬಲವೆಲ್ಲ ಇರುವುದು ಅದಕ್ಕೆ ಹಿಂದಿನ ಮೂವತ್ತು ಅಧ್ಯಾಯಗಳಲ್ಲಿ ಸಮಾಜವು ಅವನ ಬಾಯಲ್ಲಿಯೂ ಮನಸ್ಸಿನಲ್ಲಿಯೂ ತುಂಬಿದ ವಿಷದಲ್ಲಿ. ಆ ವಿಷವನ್ನು ಸೋಸಿ ತೆಗೆದರೆ ಅವನ ಪಾಪವು ಸುಲಭವಾದ ಪುಣ್ಯವಾಗಿಬಿಡುತ್ತದೆ. ಇದರ ಮುಂದಿನ ಅಧ್ಯಾಯಗಳಲ್ಲಿ ಹಕ್ಕನ ಗೆಳೆಯ ಟಾಮ್ ಸಾಯರನು ಬಂದು ಜಿಮ್‌ನ ಬಿಡುಗಡೆಯನ್ನು ಆಟವನ್ನಾಗಿ ಮಾಡುವುದು ಗ್ರಂಥದ ದೊಡ್ಡ ದೋಷವೆಂದೇ ನಾನೂ ಎಣಿಸುತ್ತೇನೆ; ಜಿಮ್‌ನ ಬಾಯಿಂದಲೇ ಈ ಕಥೆಯನ್ನು ಹೇಳಿಸಿದ ಪರ್ಸಿವಲ್ ಎವರೆಟ್ಟರ ‘ಜೇಮ್ಸ್’ 2024ರಲ್ಲಿ ಬಂದಿದೆ, ಅದನ್ನು ಇದರ ಪಕ್ಕದಲ್ಲಿಟ್ಟು ಓದಿಸಲಿ.

ನಿಷೇಧ ಬಯಸುವವರ ಓದಿನ ಕ್ರಮವನ್ನು ಗಮನಿಸಿದರೆ ಒಂದು ವಿಚಿತ್ರವು ಕಾಣುತ್ತದೆ. ಟೋನಿ ಮಾರಿಸನ್ನರ ‘ಬಿಲವೆಡ್’ (1987) ಕಾದಂಬರಿಯನ್ನು ಎ.ಪಿ. ತರಗತಿಯಲ್ಲಿ ಓದಿಸುತ್ತಿರುವರೆಂದು ವರ್ಜೀನಿಯಾ ಸಂಸ್ಥಾನದಲ್ಲಿ ಎದ್ದ ಆಕ್ಷೇಪಣೆಯು, ಅಶ್ಲೀಲ ಭಾಗಗಳುಳ್ಳ ಪುಸ್ತಕಗಳ ವಿಷಯ ತಂದೆತಾಯಿಗಳಿಗೆ ಮುಂಚಿತವಾಗಿ ತಿಳಿಸಬೇಕೆಂಬ ಮಸೂದೆಯಾಗಿ ಬೆಳೆದು ಶಾಸನಸಭೆಯಲ್ಲಿ ಅಂಗೀಕೃತವಾಯಿತು. 2016ರಲ್ಲಿ ಗವರ್ನರು ಅದಕ್ಕೆ ಅಂಕಿತ ಹಾಕಲಿಲ್ಲ. 1856ರಲ್ಲಿ ದಾಸ್ಯದಿಂದ ಓಡಿಬಂದು, ಹಿಡಿಯಲು ಬಂದವರ ಕೈಗೆ ಸಿಕ್ಕಬಾರದೆಂದು ತನ್ನ ಮಗಳನ್ನೇ ಕೊಂದ ಮಾರ್ಗರೆಟ್ ಗಾರ್ನರ್ ಎಂಬಾಕೆಯ ನಿಜವೃತ್ತಾಂತದಿಂದ ಹುಟ್ಟಿದ ಗ್ರಂಥವದು. ಅದರಲ್ಲಿನ ಘೋರವಾದ ನಾಲ್ಕು ಪುಟಗಳನ್ನು ಕಿತ್ತು ಹಿಡಿದು ತೋರಿಸಿದರೆ ಯಾವ ತಾಯಿಯಾದರೂ ಬೆಚ್ಚಿಬೀಳುವಳು. ಆ ಪುಟಗಳು ಏಕಿವೆಯೆಂಬುದಕ್ಕೆ ಉತ್ತರವು ಉಳಿದ ಪುಟಗಳಲ್ಲಿದೆ. ತುಣುಕಿನಿಂದ ಕೃತಿಯನ್ನು ಅಳೆಯುವ ವಿಷಯದಲ್ಲಿ ನಿಷೇಧಕನೂ ಪರೀಕ್ಷಕನೂ ಸಹಪಾಠಿಗಳು.

ಇಡಿಯಾಗಿ ಓದಿದವನು ಏನಾಗುತ್ತಾನೆಂಬುದಕ್ಕೆ ಸಾಕ್ಷ್ಯವು ಕನ್ನಡಿಗರ ಮನೆಯಲ್ಲಿಯೇ ಇದೆ. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲಿಸನ ಅಯಾಸನನ್ನು ಭಾರತದ ಅಶ್ವತ್ಥಾಮನನ್ನಾಗಿ ಕಂಡು ‘ಅಶ್ವತ್ಥಾಮನ್’ ರಚಿಸಿದರು. ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು ಹ್ಯಾಮ್ಲೆಟನ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಪಾಠದ ಪುಸ್ತಕವನ್ನು ಹೀಗೆ ತಿರುಗಿ ಕಟ್ಟಬೇಕಾದರೆ ಅದರ ಅಸ್ತಿಭಾರದಿಂದ ಮಾಡಿನವರೆಗೆ ನೋಡಿರಬೇಕು. ಎಲ್ಲ ವಿದ್ಯಾರ್ಥಿಗಳೂ ಕುವೆಂಪುಗಳಾಗುವುದಿಲ್ಲವೆಂಬುದು ನಿಜ. ಆದರೆ ಕೃತಿಗೆ ತನ್ನದೇ ಆದ ಉತ್ತರವೊಂದನ್ನು ಕೊಡುವ ಅರ್ಹತೆ ಎಲ್ಲರಿಗೂ ಬರಬಹುದು.

ಹಾಗಾದರೆ ಸಮರ್ಥರೆಂದು ಆಯ್ದ ಮಕ್ಕಳಿಗಷ್ಟೇ ಇಡಿಯ ಗ್ರಂಥವೂ ಉಳಿದವರಿಗೆ ಸಂಕಲನದ ಚೂರುಗಳೂ ಏಕೆ ಎಂದು ಕೇಳಿದರೆ, ನನ್ನಲ್ಲಿ ಸಮರ್ಥನೆಯಿಲ್ಲ, ಅದು ಅನ್ಯಾಯವೇ. ಸದ್ಯಕ್ಕೆ ಈ ತರಗತಿಯಲ್ಲಾದರೂ ವರ್ಷಕ್ಕೆ ಹತ್ತು ಹನ್ನೆರಡು ಪುಸ್ತಕಗಳ ಓಟವನ್ನು ಬಿಟ್ಟು, ಎರಡು ನಾಟಕ ಮೂರು ಕಾದಂಬರಿಗಳಿಗೆ ನಿಲ್ಲಲಿ. ಅವುಗಳಲ್ಲಿ ಒಂದಾದರೂ ಇನ್ನೊಂದರ ಪ್ರತಿವಾದಿಯಾಗಿರಲಿ. ಕಾಲೇಜ್ ಬೋರ್ಡಿನವರು ಮೂರನೆಯ ಪ್ರಶ್ನೆಗೆ ಪ್ರಬಂಧದ ಅಂಕಗಳಲ್ಲಿ ಅರ್ಧವನ್ನು ಕೊಡಲಿ. ಆ ದೇಶದಲ್ಲಿ ನೆಲೆಸಿ, ಎ.ಪಿ. ಎಂದರೆ ಉಳಿತಾಯವಾಗುವ ಕಾಲೇಜು ಶುಲ್ಕವೆಂದು ಲೆಕ್ಕಹಾಕುವ ನಮ್ಮ ಕನ್ನಡ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹವಿದೆ: ಮಗನೋ ಮಗಳೋ ಈ ವರ್ಷ ಓದುತ್ತಿರುವ ಕಾದಂಬರಿಯ ಇನ್ನೊಂದು ಪ್ರತಿಯನ್ನು ತಂದು, ಅವರೊಂದಿಗೆ ತಾವೂ ಮೊದಲಿನಿಂದ ಕೊನೆಯವರೆಗೆ ಓದಿರಿ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಈ ಪುಸ್ತಕಗಳು ಶುಲ್ಕವಿಲ್ಲದೆ ದೊರೆಯುತ್ತವೆ.